ತಂಡದಲ್ಲಿ ಒಬ್ಬರಿಗೆ ಸೋಂಕು: ಯಾರಿಗೆ, ಏನನ್ನು, ಎಷ್ಟು ಹೇಳಬೇಕು?

ಅಮೆರಿಕದ ಕಾಲೇಜು ತಂಡವೊಂದರ ಆಟಗಾರನಿಗೆ ಮಂಗನಬಾವು ಬಂದಿದೆ ಎಂದಿಟ್ಟುಕೊಳ್ಳಿ. ಬೆಳಿಗ್ಗೆ ರಿಪೋರ್ಟ್ ಕೈಸೇರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಂಡದ ಗ್ರೂಪಿನಲ್ಲಿ ಗುಸುಗುಸು, ಸಂಜೆಗೆ ಸ್ಥಳೀಯ ಪತ್ರಕರ್ತರ ಫೋನು. ಇಂಥ ಹೊತ್ತಿನಲ್ಲಿ ತಂಡ ನಡೆಸುವವರು ಎರಡರಲ್ಲೊಂದು ಎಡವಟ್ಟು ಮಾಡುವುದುಂಟು. ಒಂದೋ ಹುಡುಗನ ಹೆಸರನ್ನು ಎಲ್ಲರೆದುರು ಆಡಿಬಿಡುತ್ತಾರೆ, ಇಲ್ಲವೇ "ಕಾನೂನು ಬಿಡುವುದಿಲ್ಲ" ಎಂದು ಬಾಯಿಗೆ ಬೀಗ ಹಾಕಿಕೊಳ್ಳುತ್ತಾರೆ. ಮೊದಲನೆಯದರಿಂದ ಒಬ್ಬನಿಗೆ ಅನ್ಯಾಯ, ಎರಡನೆಯದರಿಂದ ಅವನ ಜೊತೆ ಆಡಿದವರೆಲ್ಲರಿಗೂ ಅನ್ಯಾಯ.

ನಾನು ಹೇಳಹೊರಟಿರುವುದು ಇಷ್ಟೇ: ಸುದ್ದಿ ಕೇಳುವವರು ಈಗ ಏನು ಮಾಡಬೇಕೋ ಅದಕ್ಕೆ ಬೇಕಾದಷ್ಟನ್ನು ಹೇಳಿ. ಹೆಸರಿಲ್ಲದೆ ಆ ಕೆಲಸ ನಡೆಯುವುದೇ ಇಲ್ಲ ಎಂದಾದಾಗ ಮಾತ್ರ ಹೆಸರಿನ ಮಾತು ಬರಲಿ. ಇದನ್ನು ಮುಖ್ಯವಾಗಿ ಕೋಚ್, ಟ್ರೈನರ್ (ಆಟಗಾರರ ಗಾಯ, ಆರೋಗ್ಯ ನೋಡಿಕೊಳ್ಳುವವರು), ಮ್ಯಾನೇಜರ್, ಕ್ರೀಡಾ ವಿಭಾಗದ ವಕ್ತಾರರಿಗಾಗಿ ಬರೆದಿದ್ದೇನೆ. ಆಟಗಾರರಿಗೂ ಅಪ್ಪ ಅಮ್ಮಂದಿರಿಗೂ ತಿಳಿದಿರಬೇಕಾದದ್ದು ನಡುನಡುವೆ ಬರುತ್ತದೆ.

ಮೊದಲು, ದಾಖಲೆ ಯಾರ ಕೈಯಲ್ಲಿದೆ ನೋಡಿ

ಆರೋಗ್ಯದ ಗುಟ್ಟು ಎಂದರೆ ಎಲ್ಲರ ಬಾಯಲ್ಲೂ ಬರುವ ಹೆಸರು ಹಿಪಾ, 1996ರ ಕಾನೂನು. ಅದು ಕಟ್ಟಿಹಾಕುವುದು ಆಸ್ಪತ್ರೆ, ವೈದ್ಯರು, ವಿಮಾ ಕಂಪನಿ ಮತ್ತು ಅವರ ಪರವಾಗಿ ಕೆಲಸ ಮಾಡುವವರನ್ನು. ಪತ್ರಕರ್ತರಿಗಾಗಲಿ, ಅಭಿಮಾನಿಗಳಿಗಾಗಲಿ, ಸಹ ಆಟಗಾರರಿಗಾಗಲಿ ಅದು ಅನ್ವಯಿಸುವುದಿಲ್ಲ. ಕಾಲೇಜಿನಲ್ಲಿರುವ ವಿದ್ಯಾರ್ಥಿಗಳ ದಾಖಲೆಗೆ ಸಾಮಾನ್ಯವಾಗಿ ಅನ್ವಯವಾಗುವುದು ಬೇರೆಯೇ ಕಾನೂನು: 1974ರ ಫೆರ್ಪಾ. ಕೇಂದ್ರದ ಶಿಕ್ಷಣ ಇಲಾಖೆಯಿಂದ ಹಣ ಪಡೆಯುವ ಎಲ್ಲ ಕಾಲೇಜುಗಳೂ ಅದಕ್ಕೆ ಬದ್ಧ. ಫೆರ್ಪಾ ವ್ಯಾಪ್ತಿಗೆ ಬರುವ ದಾಖಲೆಯನ್ನು ಹಿಪಾದ ಗೋಪ್ಯತಾ ನಿಯಮವೇ ತನ್ನಿಂದ ಹೊರಗಿಟ್ಟಿದೆ. ಕ್ಯಾಂಪಸ್ಸಿನ ಕ್ಲಿನಿಕ್ಕಿನಲ್ಲಿ ವಿದ್ಯಾರ್ಥಿಗೆ ಮಾಡಿದ ಪರೀಕ್ಷೆಯ ಚೀಟಿಯೂ ಹೆಚ್ಚಾಗಿ ಹೀಗೆ ಹೊರಗುಳಿಯುತ್ತದೆ.

ತಂಡದ ವೈದ್ಯರು ಹೊರಗಿನ ಆಸ್ಪತ್ರೆಯವರಾಗಿದ್ದರೆ ಮಾತು ಬೇರೆ. ಅವರ ಆಸ್ಪತ್ರೆಯ ಫೈಲಿಗೆ ಹಿಪಾ, ನಿಮ್ಮ ಟ್ರೈನಿಂಗ್ ರೂಮಿನ ಫೈಲಿಗೆ ಫೆರ್ಪಾ. ಒಂದೇ ಜ್ವರ, ಎರಡು ಕಾನೂನು. ಹಾಗಾಗಿ ಋತು ಶುರುವಾಗುವ ಮೊದಲೇ ಕಾಲೇಜಿನ ವಕೀಲರ ಜೊತೆ ಕೂತು, ಯಾವ ಕಾಗದ ಯಾವುದರಡಿ ಬರುತ್ತದೆ ಎಂದು ಒಂದು ಪುಟದಲ್ಲಿ ಬರೆಸಿಟ್ಟುಕೊಳ್ಳಿ. ಸೋಂಕು ಬಂದ ದಿನ ಅದನ್ನು ಹುಡುಕುತ್ತಾ ಕೂರಲು ಪುರುಸೊತ್ತಿರುವುದಿಲ್ಲ.

ಇಲ್ಲೊಂದು ಸೂಕ್ಷ್ಮವಿದೆ. ವೈದ್ಯರು ಚಿಕಿತ್ಸೆಗಾಗಿ ಮಾತ್ರ ಬರೆದಿಟ್ಟುಕೊಂಡ, ಚಿಕಿತ್ಸೆ ಕೊಡುವವರ ಕೈಯಲ್ಲಷ್ಟೇ ಇರುವ ದಾಖಲೆಗೆ ಫೆರ್ಪಾದಲ್ಲಿ ಪ್ರತ್ಯೇಕ ಸ್ಥಾನವಿದೆ. ಅದನ್ನು ಬೇರೆ ಉದ್ದೇಶಕ್ಕೆಂದು ಕೋಚ್‌ಗೆ ಕಳಿಸಿದ ಕೂಡಲೇ ಆ ಸ್ಥಾನ ಹೋಗುತ್ತದೆ. ಕೋಚ್‌ಗೆ ಪೂರ್ತಿ ಲ್ಯಾಬ್ ರಿಪೋರ್ಟ್ ಯಾಕೆ ಬೇಕು? "ಈ ಆಟಗಾರ 5 ದಿನ ಅಭ್ಯಾಸಕ್ಕೆ ಬರುವಂತಿಲ್ಲ, ಬರುವ ಮೊದಲು ನನ್ನ ಒಪ್ಪಿಗೆ ಬೇಕು" ಎಂದರೆ ಅವರ ಕೆಲಸ ನಡೆಯುತ್ತದೆ.

ರೋಗ ಯಾವುದು, ಹರಡುವ ದಾರಿ ಯಾವುದು

ಎಷ್ಟು ಹೇಳಬೇಕು ಎಂಬುದನ್ನು ನಿರ್ಧರಿಸುವುದು ವಕೀಲರಿಗಿಂತ ಹೆಚ್ಚಾಗಿ ರೋಗಾಣುವೇ. ಅದಕ್ಕೇ ಟ್ರೈನರ್ ಮತ್ತು ವೈದ್ಯರು ಮೊದಲು ಮಾತಾಡಿಕೊಳ್ಳಬೇಕು, ವಕ್ತಾರರು ಆಮೇಲೆ.

ಮಂಗನಬಾವು ಎಂಜಲಿನಿಂದ ಹರಡುತ್ತದೆ: ಒಂದೇ ನೀರಿನ ಬಾಟಲಿ, ಕಡಿದಿಟ್ಟ ಮೌತ್‌ಗಾರ್ಡ್, ಮುಖದ ಹತ್ತಿರ ಕೂಗಿ ಮಾತಾಡುವುದು. ಕೆನ್ನೆ ಊದುವ 2 ದಿನ ಮೊದಲಿನಿಂದ 5 ದಿನದ ನಂತರದವರೆಗೆ ಹರಡುತ್ತದೆ. ಅಂಟಿಸಿಕೊಂಡವರಲ್ಲಿ ಲಕ್ಷಣ ಕಾಣಲು 12ರಿಂದ 25 ದಿನ ಬೇಕು. ಅಂದರೆ ಇಡೀ ತಂಡಕ್ಕೆ ತಿಳಿಸಬೇಕು, ಹೆಸರು ಬೇಕಿಲ್ಲ. ಆ ದಿನಗಳಲ್ಲಿ ಅಭ್ಯಾಸಕ್ಕೆ ಬಂದಿದ್ದವರೆಲ್ಲ ಮಾಡಬೇಕಾದದ್ದು ಒಂದೇ: ಲಸಿಕೆಯ ದಾಖಲೆ ನೋಡಿಸುವುದು, ಲಕ್ಷಣ ಗಮನಿಸುವುದು.

ದಡಾರ ಇನ್ನೂ ಜೋರು. ರೋಗಿ ಎದ್ದುಹೋದ ಮೇಲೂ 2 ಗಂಟೆವರೆಗೆ ಕೋಣೆಯ ಗಾಳಿಯಲ್ಲಿ ವೈರಸ್ ಉಳಿಯಬಲ್ಲದು. ಇಲ್ಲಿ "ಹತ್ತಿರ ಇದ್ದವರು" ಎಂಬ ಲೆಕ್ಕಕ್ಕೆ ಅರ್ಥವೇ ಇಲ್ಲ. ಜಿಮ್ಮಿಗೆ ಆಮೇಲೆ ಬಂದ ಬೇರೆ ತಂಡದವರಿಗೂ ಜಾಗ ಮತ್ತು ಹೊತ್ತನ್ನು ಹೇಳಬೇಕು. ಲಸಿಕೆ ಆಗಿಲ್ಲದವರಿಗೆ ಸಂಪರ್ಕವಾದ 72 ಗಂಟೆಯೊಳಗೆ ಲಸಿಕೆ ಕೊಟ್ಟರೆ ಉಪಯೋಗವಿರುವುದರಿಂದ ಸಭೆ, ಕರಡು, ತಿದ್ದುಪಡಿ ಎಂದು ಒಂದು ದಿನ ಕಳೆದರೂ ಅದು ದುಬಾರಿ.

ಮಿದುಳಿನ ಪೊರೆಗೆ ತಗುಲುವ ಬ್ಯಾಕ್ಟೀರಿಯಾ ಸೋಂಕು, ಮೆನಿಂಜೊಕಾಕಲ್ ಮೆನಿಂಜೈಟಿಸ್ ಆದರೆ ಗಂಟೆಗಳ ಲೆಕ್ಕ. ರೂಮ್‌ಮೇಟ್‌ಗಳಿಗೆ, ರೋಗಿಯ ಎಂಜಲು ನೇರವಾಗಿ ತಗುಲಿದವರಿಗೆ ಸಾಧ್ಯವಾದರೆ 24 ಗಂಟೆಯೊಳಗೆ ಆ್ಯಂಟಿಬಯಾಟಿಕ್ ಸಿಗಬೇಕು. ಇಲ್ಲಿ ಹೆಸರಿನ ಪ್ರಶ್ನೆ ನಿಜವಾಗಿ ಎದುರಾಗಬಹುದು, ಯಾಕೆಂದರೆ "ನೀವು ಯಾರ ಬಾಟಲಿಯಲ್ಲಿ ನೀರು ಕುಡಿದಿರಿ" ಎಂದು ಕೇಳಬೇಕಾದರೆ ಬಾಟಲಿ ಯಾರದೆಂದು ಹೇಳಬೇಕಾಗುತ್ತದೆ.

ಕುಸ್ತಿಪಟುಗಳ ಚರ್ಮದ ಸೋಂಕುಗಳದ್ದು ಬೇರೆ ಕತೆ. ಹುಳುಕಡ್ಡಿ, ಇಂಪೆಟಿಗೊ, ಮುಖ ಕುತ್ತಿಗೆಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್, ಔಷಧಿಗೆ ಜಗ್ಗದ ಸ್ಟ್ಯಾಫ್ ಬ್ಯಾಕ್ಟೀರಿಯಾ ಇವೆಲ್ಲ ಮೈಗೆ ಮೈ ತಗುಲಿ ಹರಡುವಂಥವು. ಕಾಲೇಜು ಕುಸ್ತಿಯಲ್ಲಿ ಪಂದ್ಯದ ಮುಂಚೆ ಚರ್ಮ ಪರೀಕ್ಷೆ ಇದ್ದೇ ಇರುತ್ತದೆ. ತಂಡಕ್ಕೆ ಹೇಳಬೇಕಾದದ್ದು "ಮ್ಯಾಟ್ ತೊಳೆದಿದ್ದೇವೆ, ಟವೆಲ್, ರೇಜರ್ ಹಂಚಿಕೊಳ್ಳಬೇಡಿ, ಇಂಥ ಗುಳ್ಳೆ ಕಂಡರೆ ತೋರಿಸಿ." ಅವನ ಜೊತೆ ನೇರವಾಗಿ ಸೆಣಸಿದವರನ್ನು ಮಾತ್ರ ಪ್ರತ್ಯೇಕವಾಗಿ ಕರೆದು ನೋಡಬೇಕು.

ಇನ್ನು ಯಾರಿಗೂ ಹೇಳಬೇಕಿಲ್ಲದ ಸೋಂಕುಗಳೂ ಇವೆ. ಮೊನೊ ಎಂಬ ವೈರಸ್ ಜ್ವರ ಬಂದ ಆಟಗಾರನ ಗುಲ್ಮ ಊದಿಕೊಂಡು, ಪೆಟ್ಟು ಬಿದ್ದರೆ ಒಡೆಯುವ ಅಪಾಯವಿರುವುದರಿಂದ ಅವನು ಕೆಲವು ವಾರ ಆಟದಿಂದ ದೂರ ಇರಬೇಕು. ಆ ಅಪಾಯ ಅವನಿಗೆ, ತಂಡಕ್ಕಲ್ಲ. ಎಚ್‌ಐವಿ ಇರುವ ಆಟಗಾರನ ವಿಷಯದಲ್ಲಂತೂ ಯಾರಿಗೂ ಏನೂ ಹೇಳುವ ಕಾರಣವಿಲ್ಲ. ಆಟದ ಮೈದಾನದಲ್ಲಿ ಅದು ಹರಡುವ ಸಾಧ್ಯತೆ ತೀರಾ ಕಡಿಮೆ, ಮತ್ತು ರಕ್ತ ಕಂಡಾಗ ಆಟ ನಿಲ್ಲಿಸಿ ಗಾಯ ಮುಚ್ಚುವ ನಿಯಮ ಹೇಗೂ ಎಲ್ಲರಿಗೂ ಒಂದೇ.

ಸೋಂಕಿತರ ಜೊತೆ ಮೊದಲು ಮಾತಾಡಿ

ಈ ಹೆಜ್ಜೆಯನ್ನು ಅವಸರದಲ್ಲಿ ಬಿಟ್ಟುಬಿಡುತ್ತಾರೆ. ತಂಡಕ್ಕೆ ಮೆಸೇಜ್ ಹೋಗುವ ಮೊದಲು ಟ್ರೈನರ್ ಅಥವಾ ವೈದ್ಯರು ಆ ಆಟಗಾರನಿಗೆ ಫೋನ್ ಮಾಡಿ, ಯಾರಿಗೆ ಏನು ಹೇಳಲಿದ್ದೇವೆ ಎಂಬುದನ್ನು ಓದಿ ಹೇಳಬೇಕು. ಎಷ್ಟೋ ಸಲ ಆಟಗಾರರೇ "ನಾನೇ ಹೇಳ್ತೀನಿ ಬಿಡಿ" ಎನ್ನುತ್ತಾರೆ. ಹೇಳಲಿ, ಅದು ಅವರ ಹಕ್ಕು. ಆದರೆ ಕೋಚ್ ಎದುರು ನಿಂತು "ಹೇಳಿಬಿಡೋಣ ಅಲ್ವಾ?" ಎಂದು ಕೇಳುವುದು ಒಪ್ಪಿಗೆ ಪಡೆಯುವ ರೀತಿಯಲ್ಲ. ಸ್ಕಾಲರ್‌ಶಿಪ್, ಆಡುವ ಅವಕಾಶ ಎರಡೂ ಕೋಚ್ ಕೈಯಲ್ಲಿರುವಾಗ ಯಾವ ಹುಡುಗ ತಾನೇ ಇಲ್ಲ ಎಂದಾನು?

ಫೆರ್ಪಾ ಪ್ರಕಾರ ಒಪ್ಪಿಗೆ ಬರಹದಲ್ಲಿರಬೇಕು, ಸಹಿ ಮತ್ತು ದಿನಾಂಕ ಇರಬೇಕು. ಯಾವ ದಾಖಲೆ, ಯಾವ ಉದ್ದೇಶಕ್ಕೆ, ಯಾರಿಗೆ ಎಂಬುದು ಅದರಲ್ಲೇ ಕಾಣಬೇಕು. ಋತುವಿನ ಆರಂಭದಲ್ಲಿ ಹಾಳೆಗಳ ಕಂತೆಯಲ್ಲಿ ಸೇರಿಸಿ ಸಹಿ ಹಾಕಿಸಿಕೊಂಡ ಒಪ್ಪಿಗೆ ಇದ್ದರೆ ಅದನ್ನು ಈಗ ತೆಗೆದು ಓದಿ. ಗಾಯದ ಮಾಹಿತಿಯನ್ನು ವಿಮೆಗೆ ಕೊಡಲು ಒಪ್ಪಿದ್ದನ್ನು ಸೋಂಕಿನ ಸುದ್ದಿ ಪತ್ರಿಕೆಗೆ ಕೊಡಲೂ ಒಪ್ಪಿದಂತೆ ಎಳೆದಾಡಲಾಗದು. ಆಟಗಾರರು ಓದುತ್ತಿದ್ದರೆ ಅವರಿಗೊಂದು ಮಾತು: ಸಹಿ ಹಾಕುವ ಮೊದಲು ಆ ಹಾಳೆಯ ಒಂದು ಪ್ರತಿ ಕೇಳಿ ಇಟ್ಟುಕೊಳ್ಳಿ.

ಆರೋಗ್ಯ ಇಲಾಖೆಗೆ ತಿಳಿಸುವುದರಲ್ಲಿ ಹಿಂದೆಮುಂದೆ ನೋಡಬೇಡಿ

ದಡಾರ, ಮಂಗನಬಾವು, ಮೆನಿಂಜೊಕಾಕಲ್ ರೋಗದಂಥವನ್ನು ಸ್ಥಳೀಯ ಅಥವಾ ರಾಜ್ಯದ ಆರೋಗ್ಯ ಇಲಾಖೆಗೆ ವರದಿ ಮಾಡಲೇಬೇಕು. ಯಾವ ರೋಗ, ಎಷ್ಟು ಗಂಟೆಯೊಳಗೆ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ವೈದ್ಯರು ಇಲಾಖೆಗೆ ಹೀಗೆ ಹೆಸರು ಸಮೇತ ತಿಳಿಸುವುದನ್ನು ಹಿಪಾ ಒಪ್ಪುತ್ತದೆ. ಕಾಲೇಜಿಗೂ ತುರ್ತು ಪರಿಸ್ಥಿತಿಯಲ್ಲಿ ಫೆರ್ಪಾದಡಿ ದಾರಿಯಿದೆ. ಇಲಾಖೆಯವರು ಸಂಪರ್ಕಿತರನ್ನು ಹುಡುಕುವುದರಲ್ಲಿ ಪಳಗಿದವರು, ಹೆಸರು ಹೊರಬೀಳದಂತೆ ವಿಚಾರಿಸುವುದು ಅವರಿಗೆ ಗೊತ್ತು.

ತಂಡಕ್ಕೆ ಹೇಳುವುದು ಹೇಗೆ

ಮೆಸೇಜಿನಲ್ಲಿ ನಾಲ್ಕು ಸಂಗತಿ ಸಾಕು: ಏನು, ಯಾವಾಗ ಮತ್ತು ಎಲ್ಲಿ, ನೀವೇನು ಮಾಡಬೇಕು, ಸಂಶಯವಿದ್ದರೆ ಯಾರನ್ನು ಕೇಳಬೇಕು. ಒಂದು ಮಾದರಿ:

"ಈ ತಿಂಗಳ 3ರಿಂದ 6ರವರೆಗೆ ಅಭ್ಯಾಸಕ್ಕೆ ಬಂದಿದ್ದವರಿಗೆ ಮಂಗನಬಾವಿನ ಸಂಪರ್ಕ ಆಗಿರಬಹುದು. ನಾಳೆ ಬೆಳಿಗ್ಗೆ 10ರೊಳಗೆ ನಿಮ್ಮ ಲಸಿಕೆಯ ದಾಖಲೆಯನ್ನು ಟ್ರೈನಿಂಗ್ ರೂಮಿಗೆ ಕಳಿಸಿ. ಎರಡು ಡೋಸ್ ಆಗಿಲ್ಲದವರು, ಆಗಿದೆಯೋ ಇಲ್ಲವೋ ಗೊತ್ತಿಲ್ಲದವರು ಬರುವ ಮೊದಲು ಫೋನ್ ಮಾಡಿ. ಮುಂದಿನ 25 ದಿನ ಕೆನ್ನೆ ಅಥವಾ ದವಡೆ ಊದಿದರೆ, ಜ್ವರ ಬಂದರೆ ಅಭ್ಯಾಸಕ್ಕೆ ಬರಬೇಡಿ, ತಕ್ಷಣ ತಿಳಿಸಿ. ಬಾಟಲಿ, ಮೌತ್‌ಗಾರ್ಡ್ ಹಂಚಿಕೊಳ್ಳಬೇಡಿ. ಯಾರಿಗೆ ಬಂದಿದೆ ಎಂದು ನಾವು ಹೇಳುವುದಿಲ್ಲ. ನಾಳೆ ನಿಮಗೇ ಬಂದರೂ ಹೇಳುವುದಿಲ್ಲ."

ಕೊನೆಯ ಸಾಲನ್ನು ಬಿಡಬೇಡಿ. ತನ್ನ ಹೆಸರು ಬಯಲಾಗುತ್ತದೆ ಎಂಬ ಭಯವಿದ್ದರೆ ಎರಡನೆಯ ಸೋಂಕಿತ ಲಕ್ಷಣವನ್ನು ಮುಚ್ಚಿಟ್ಟು ಅಭ್ಯಾಸಕ್ಕೆ ಬರುತ್ತಾನೆ. ಗೋಪ್ಯತೆ ಇಲ್ಲಿ ಬರೀ ಸೌಜನ್ಯವಲ್ಲ, ಸೋಂಕು ತಡೆಯುವ ಉಪಾಯವೂ ಹೌದು.

ಹೀಗೆ ಬರೆಯಬೇಡಿ: "ನಮ್ಮ ಎರಡನೇ ವರ್ಷದ ಗೋಲ್‌ಕೀಪರ್ ಒಬ್ಬರಿಗೆ ಅನಾರೋಗ್ಯ." ತಂಡದಲ್ಲಿ ಎರಡನೇ ವರ್ಷದ ಗೋಲ್‌ಕೀಪರ್ ಒಬ್ಬರೇ ಇದ್ದರೆ ಹೆಸರು ಹೇಳಿದಂತೆಯೇ ಆಯಿತು. ಫೆರ್ಪಾ ನೋಡುವುದೂ ಇದನ್ನೇ: ಆ ಕಾಲೇಜಿನ ಸಾಮಾನ್ಯ ವ್ಯಕ್ತಿಯೊಬ್ಬರು, ಒಳಗಿನ ಸುದ್ದಿ ಗೊತ್ತಿಲ್ಲದಿದ್ದರೂ, ಸಾಕಷ್ಟು ಖಚಿತವಾಗಿ ಗುರುತು ಹಿಡಿಯಬಲ್ಲರೇ? ಹಿಡಿಯಬಲ್ಲರು ಎಂದಾದರೆ ಹೆಸರು ಬರೆಯದಿದ್ದರೂ ಅದು ಗುರುತಿಸುವ ಮಾಹಿತಿಯೇ.

ಎಂಟು ಜನರ ಗಾಲ್ಫ್ ತಂಡದಲ್ಲಿ ಒಬ್ಬರು ಕಾಣದಿದ್ದರೆ ಮಿಕ್ಕ ಏಳು ಜನಕ್ಕೆ ಗೊತ್ತಾಗಿಯೇ ಆಗುತ್ತದೆ, ಅದನ್ನು ತಡೆಯಲಾಗದು. ಆದರೆ ಅವರು ಊಹಿಸುವುದು ಬೇರೆ, ನೀವು ಹೌದೆನ್ನುವುದು ಬೇರೆ. "ಅವನಿಗೇನಾ?" ಎಂದು ಕೇಳಿದಾಗ ಟ್ರೈನರ್ ಬಾಯಲ್ಲಿ ಬರಬೇಕಾದ ಉತ್ತರ ಪ್ರತಿ ಸಲವೂ ಒಂದೇ: "ಯಾರ ಆರೋಗ್ಯದ ಬಗ್ಗೆಯೂ ನಾನು ಮಾತಾಡುವುದಿಲ್ಲ." ಆರೋಗ್ಯವಾಗಿರುವವರ ಬಗ್ಗೆ "ಛೆ, ಅವನಿಗಲ್ಲ" ಎನ್ನುತ್ತಾ ಹೋದರೆ ಉಳಿದವರು ಯಾರೆಂದು ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು?

ಹೆಸರು ಹೇಳಲೇಬೇಕಾದಾಗ

ಫೆರ್ಪಾದಲ್ಲಿ ಆರೋಗ್ಯ ಮತ್ತು ಸುರಕ್ಷತೆಯ ತುರ್ತು ವಿನಾಯಿತಿ ಇದೆ. ಇಂಥದ್ದೇ ಅಪಾಯ, ಇಷ್ಟು ಗಂಭೀರ ಎಂದು ಬಾಯಿಬಿಟ್ಟು ಹೇಳಬಲ್ಲ ಸ್ಥಿತಿಯಿದ್ದರೆ, ಆ ಅಪಾಯ ತಪ್ಪಿಸಲು ಯಾರಿಗೆ ಮಾಹಿತಿ ಬೇಕೋ ಅವರಿಗೆ ಒಪ್ಪಿಗೆಯಿಲ್ಲದೆಯೂ ಕೊಡಬಹುದು. ಆ ತುರ್ತು ಇರುವಷ್ಟು ಕಾಲ ಮಾತ್ರ, ಒಂದೊಂದು ಪ್ರಕರಣವನ್ನೂ ಬೇರೆಯಾಗಿ ತೂಗಿ. ಆಧಾರವಿಟ್ಟು ತೆಗೆದುಕೊಂಡ ತೀರ್ಮಾನವನ್ನು ಶಿಕ್ಷಣ ಇಲಾಖೆ ತಾನು ಪಕ್ಕಕ್ಕೆ ಸರಿಸುವುದಿಲ್ಲ ಎಂಬ ಮಾತು 2008ರ ತಿದ್ದುಪಡಿಯಲ್ಲಿ ಸೇರಿತು.

2020ರ ಮಾರ್ಚಿನಲ್ಲಿ ಕೋವಿಡ್ ಶುರುವಾದಾಗ ಇಲಾಖೆ ಹೊರಡಿಸಿದ ಪ್ರಶ್ನೋತ್ತರದಲ್ಲಿ ಇದಕ್ಕೆ ಕೊಟ್ಟ ಉದಾಹರಣೆ ಕುಸ್ತಿ ತಂಡದ್ದೇ. ಸಾಮಾನ್ಯವಾಗಿ ಹೆಸರಿಲ್ಲದೆ ತಿಳಿಸಿದರೆ ಸಾಕು. ಮೈಗೆ ಮೈ ತಾಗುವ ಕುಸ್ತಿಯಂಥ ಆಟದಲ್ಲಿ ತಂಡದ ಉಳಿದವರ ರಕ್ಷಣೆಗೆ ಅಗತ್ಯ ಎನಿಸಿದರೆ ಗುರುತು ಹೇಳಬಹುದು ಎಂಬುದು ಅದರ ಸಾರ. ಮಾಧ್ಯಮಕ್ಕೆ ಮಾತ್ರ ಈ ವಿನಾಯಿತಿಯಡಿ ಕೊಡುವಂತಿಲ್ಲ ಎಂದೂ ಅದರಲ್ಲಿದೆ, ಯಾಕೆಂದರೆ ಪತ್ರಿಕೆಯವರು ಆ ಅಪಾಯವನ್ನು ತಡೆಯಬೇಕಾದವರಲ್ಲ.

ಹೀಗೆ ಹೆಸರು ಹೇಳಿದರೆ ಅದೇ ದಿನ ಫೈಲಿನಲ್ಲಿ ಬರೆಯಿರಿ: ಅಪಾಯ ಏನಿತ್ತು, ಯಾರಿಗೆ ಹೇಳಿದಿರಿ. ಇದು ನಿಯಮವೂ ಹೌದು. ಬರೆಯಲು ಕೂತಾಗ ಕಾರಣ ಹೊಳೆಯದಿದ್ದರೆ ಹೇಳಬೇಕಿರಲಿಲ್ಲ ಎಂದೇ ಅರ್ಥ, ಹಾಗಾಗಿ ಹೇಳುವುದಕ್ಕೆ ಮೊದಲೇ ಬರೆಯುವುದು ಜಾಣತನ.

ಎದುರಾಳಿ ತಂಡಕ್ಕೆ

ಕೋಚ್‌ನಿಂದ ಕೋಚ್‌ಗೆ ಅಲ್ಲ, ಟ್ರೈನರ್‌ನಿಂದ ಟ್ರೈನರ್‌ಗೆ ಸುದ್ದಿ ಹೋಗಲಿ. ಯಾವ ಪಂದ್ಯ, ಯಾವ ರೋಗ, ಯಾವ ಲಕ್ಷಣ ಗಮನಿಸಬೇಕು ಎಂಬಷ್ಟು. ಅಂಪೈರ್, ರೆಫರಿಗಳನ್ನು ಮರೆಯಬೇಡಿ. ಅವರು ಮರುದಿನ ಇನ್ನೊಂದು ಊರಿನ ಪಂದ್ಯದಲ್ಲಿರುತ್ತಾರೆ.

ಪತ್ರಿಕೆಗೆ, ಜನಕ್ಕೆ

2020ರಲ್ಲಿ ಕೆಲವು ಕ್ರೀಡಾ ವಿಭಾಗಗಳು ಪ್ರತಿ ವಾರ ಎಷ್ಟು ಪರೀಕ್ಷೆ, ಎಷ್ಟು ಪಾಸಿಟಿವ್ ಎಂದು ಪ್ರಕಟಿಸಿದವು. ಕೆಲವು ಗೋಪ್ಯತೆಯ ಹೆಸರು ಹೇಳಿ ಒಂದು ಸಂಖ್ಯೆಯನ್ನೂ ಬಿಟ್ಟುಕೊಡಲಿಲ್ಲ. ನೂರಾರು ಆಟಗಾರರಿರುವ ವಿಭಾಗದ ಒಟ್ಟು ಸಂಖ್ಯೆಯಿಂದ ಯಾರನ್ನೂ ಗುರುತಿಸಲಾಗದು, ಅದನ್ನು ಫೆರ್ಪಾ ತಡೆಯುವುದೂ ಇಲ್ಲ. ಹೇಳಲು ಮನಸ್ಸಿಲ್ಲದವರು ಕಾನೂನಿನ ಹಿಂದೆ ಅವಿತುಕೊಂಡರು ಎಂದೇ ನನ್ನ ಅಭಿಪ್ರಾಯ. ಒಂದೊಂದೇ ತಂಡದ ಸಂಖ್ಯೆ ಕೊಡುವಾಗ ಮಾತ್ರ ಎಚ್ಚರ ಬೇಕು: ತಂಡ ಚಿಕ್ಕದಾಗಿದ್ದರೆ, ಸೋಂಕಿತರು ಒಂದಿಬ್ಬರೇ ಇದ್ದರೆ, ಅದನ್ನು ವಿಭಾಗದ ಒಟ್ಟು ಲೆಕ್ಕಕ್ಕೆ ಸೇರಿಸಿ ಕೊಡಿ.

ಪಂದ್ಯ ರದ್ದಾದರೆ ಕಾರಣ ಹೇಳಲೇಬೇಕಾಗುತ್ತದೆ. 2021ರ ಮಾರ್ಚ್ 20ರಂದು ವರ್ಜೀನಿಯಾ ಕಾಮನ್‌ವೆಲ್ತ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಟೂರ್ನಿಯಲ್ಲಿ ಆರೆಗನ್ ವಿರುದ್ಧ ಆಡಬೇಕಿದ್ದ ಪಂದ್ಯ ಶುರುವಾಗಲು ಕೆಲವೇ ಗಂಟೆಗಳಿರುವಾಗ ರದ್ದಾಯಿತು. ತಂಡದಲ್ಲಿ ಒಂದಕ್ಕಿಂತ ಹೆಚ್ಚು ಪಾಸಿಟಿವ್ ಬಂದಿವೆ ಎಂದರು. ಇಡೀ ದೇಶ ನೋಡುತ್ತಿದ್ದ ಟೂರ್ನಿಗೂ ಅಷ್ಟು ಸಾಕಾಯಿತು.

ಬೆಟ್ಟಿಂಗ್ ಈಗ ಹೊಸ ಒತ್ತಡ. 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ರಾಜ್ಯಗಳು ಒಂದೊಂದಾಗಿ ಕ್ರೀಡಾ ಬೆಟ್ಟಿಂಗಿಗೆ ಬಾಗಿಲು ತೆರೆದವು. ಯಾರು ಆಡುತ್ತಾರೆ, ಯಾರು ಇಲ್ಲ ಎಂಬ ಒಳಸುದ್ದಿಗೆ ಬೆಲೆ ಬಂತು. ಕಾಲೇಜು ತಂಡಗಳ ಒಕ್ಕೂಟಗಳಾದ ಬಿಗ್ ಟೆನ್ 2023ರಲ್ಲಿ, ಎಸ್‌ಇಸಿ 2024ರಲ್ಲಿ ಪಂದ್ಯದ ಮುನ್ನ ಆಟಗಾರರ ಲಭ್ಯತೆಯ ಪಟ್ಟಿ ಪ್ರಕಟಿಸತೊಡಗಿದವು. ಆಡುವುದಿಲ್ಲ, ಅನುಮಾನ ಎಂಬಂಥ ಸ್ಥಿತಿ ಇರುತ್ತದೆ, ಕಾಯಿಲೆ ಯಾವುದೆಂದು ಇರುವುದಿಲ್ಲ. ನಿಮ್ಮ ವಿಭಾಗಕ್ಕೆ ಅಂಥ ನಿಯಮ ಇಲ್ಲದಿದ್ದರೂ ಇದೇ ಮಾದರಿ ಹಿಡಿಯಿರಿ. ಗಾಯಕ್ಕೂ ಸೋಂಕಿಗೂ ಒಂದೇ ಮಾತು ಬಳಸಿ, "ಲಭ್ಯವಿಲ್ಲ." ಮೊಣಕಾಲು ನೋವಿದ್ದಾಗ ಬಿಡಿಸಿ ಹೇಳಿ ಸೋಂಕು ಬಂದಾಗ ಮಾತ್ರ ಸುಮ್ಮನಾದರೆ ಆ ಮೌನವೇ ಸುದ್ದಿಯಾಗುತ್ತದೆ.

ಪತ್ರಕರ್ತರಿಗೆ ಹೆಸರು ಬೇರೆ ಕಡೆಯಿಂದ ಸಿಕ್ಕಿರುತ್ತದೆ, "ಹೌದೋ ಅಲ್ಲವೋ ಅಷ್ಟೇ ಹೇಳಿ" ಎನ್ನುತ್ತಾರೆ. ಯುಸಿಎಲ್‌ಎ ವಿಶ್ವವಿದ್ಯಾಲಯದ ಪರವಾಗಿ 1965ರಲ್ಲಿ ಕಾಲೇಜು ಟೆನಿಸ್ ಚಾಂಪಿಯನ್ ಆಗಿದ್ದ ಆರ್ಥರ್ ಆ್ಯಶ್ ತಮಗೆ ಏಡ್ಸ್ ಇರುವುದನ್ನು ವರ್ಷಗಟ್ಟಲೆ ಆಪ್ತರ ನಡುವೆಯೇ ಇಟ್ಟುಕೊಂಡಿದ್ದರು. ಪತ್ರಿಕೆಯೊಂದು ಕೆದಕತೊಡಗಿದ ಮೇಲೆ, 1992ರ ಏಪ್ರಿಲ್ 8ರಂದು, ಬೇರೆ ದಾರಿಯಿಲ್ಲದೆ ತಾವೇ ಜನರ ಮುಂದೆ ಹೇಳಬೇಕಾಯಿತು. ಅಂಥ ಒತ್ತಡವನ್ನು ಇಪ್ಪತ್ತು ವರ್ಷದ ವಿದ್ಯಾರ್ಥಿಯ ಮೇಲೆ ಹೇರುವುದಕ್ಕೆ ನಿಮ್ಮ "ಹೌದು" ಕಾರಣವಾಗಬಾರದು. ಹೌದು, ಅಲ್ಲ ಎರಡನ್ನೂ ಹೇಳಬೇಡಿ.

ಸೋಂಕು ತಂಡ ದಾಟಿ ಇಡೀ ಕ್ಯಾಂಪಸ್ಸಿಗೆ ಗಂಭೀರ ಅಪಾಯ ಎನಿಸಿದರೆ ಕ್ಯಾಂಪಸ್ ಸುರಕ್ಷತೆಗೆ ಸಂಬಂಧಿಸಿದ 1990ರ ಕ್ಲೆರಿ ಕಾಯ್ದೆಯಡಿ ತುರ್ತು ಎಚ್ಚರಿಕೆ ಕೊಡುವುದು ಕಾಲೇಜಿನ ಕರ್ತವ್ಯ. ಆ ತೀರ್ಮಾನ ಕ್ರೀಡಾ ವಿಭಾಗದ್ದಲ್ಲ. ಕ್ಯಾಂಪಸ್ ಸುರಕ್ಷತಾ ವಿಭಾಗಕ್ಕೆ ತಡಮಾಡದೆ ತಿಳಿಸಿ.

ಅಪ್ಪ ಅಮ್ಮ ಫೋನ್ ಮಾಡಿದಾಗ

ಕಾಲೇಜಿಗೆ ಸೇರಿದ ಕೂಡಲೇ, ವಯಸ್ಸು 18 ಆಗದಿದ್ದರೂ, ಫೆರ್ಪಾದ ಹಕ್ಕು ವಿದ್ಯಾರ್ಥಿಯದೇ ಆಗುತ್ತದೆ. ಫೀಸು ಕಟ್ಟುವವರು ನಾವು, ನಮಗೇ ಹೇಳುವುದಿಲ್ಲವೇ ಎಂದು ಅಪ್ಪ ಅಮ್ಮಂದಿರಿಗೆ ಸಿಟ್ಟು ಬರುವುದು ಸಹಜ. ತೆರಿಗೆ ಲೆಕ್ಕದಲ್ಲಿ ಮಗ ಅಥವಾ ಮಗಳು ಅವಲಂಬಿತರಾಗಿದ್ದರೆ ಕಾಲೇಜು ಹೇಳಬಹುದು, ಹೇಳಲೇಬೇಕೆಂದಿಲ್ಲ. ತುರ್ತು ವಿನಾಯಿತಿಯಡಿಯೂ ಹೇಳಬಹುದು. ಸುಲಭದ ದಾರಿ ಎಂದರೆ ಮನೆಬಿಡುವ ಮೊದಲೇ ಮಕ್ಕಳ ಜೊತೆ ಮಾತಾಡಿ, ಅವರು ಒಪ್ಪಿದರೆ ಕ್ಲಿನಿಕ್ಕಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಡುವುದು. ಬೇರೆಯವರ ಮಗನಿಗೆ ಏನಾಗಿದೆ ಎಂಬ ಪ್ರಶ್ನೆಗಂತೂ ಯಾವ ತಂದೆ ತಾಯಿಗೂ ಉತ್ತರ ಸಿಗಬಾರದು.

ಗುಟ್ಟು ಬಯಲಾಗಿಬಿಟ್ಟರೆ

ಮೊದಲು ಆಟಗಾರನಿಗೆ ತಿಳಿಸಿ, ಬೇರೆಯವರ ಬಾಯಿಂದ ಕೇಳುವ ಮೊದಲು. ಕಳಿಸಿದ ಇಮೇಲ್, ಹಂಚಿಕೊಂಡ ಶೀಟು ಯಾರ್ಯಾರ ಕೈಸೇರಿದೆ ಎಂದು ಪಟ್ಟಿ ಮಾಡಿ ತೆಗೆಸಿಹಾಕಿ. ಕಾಲೇಜಿನ ಗೋಪ್ಯತಾ ಅಧಿಕಾರಿಗೆ ಬರೆದು ತಿಳಿಸಿ.

ಆಟಗಾರರಿಗೆ ದೂರು ಕೊಡುವ ದಾರಿಯಿದೆ. ಫೆರ್ಪಾ ಉಲ್ಲಂಘನೆಯಾದರೆ ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಗೋಪ್ಯತಾ ಕಚೇರಿಗೆ, ಆಸ್ಪತ್ರೆಯ ಕಡೆಯಿಂದ ಹಿಪಾ ಉಲ್ಲಂಘನೆಯಾದರೆ ಕೇಂದ್ರದ ಆರೋಗ್ಯ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ. ಎರಡಕ್ಕೂ ವಿಷಯ ತಿಳಿದ 180 ದಿನಗಳೊಳಗೆ ಬರೆಯಬೇಕು. ಫೆರ್ಪಾ ಉಲ್ಲಂಘನೆ ಎಂಬ ಒಂದೇ ಕಾರಣಕ್ಕೆ ಕಾಲೇಜಿನ ಮೇಲೆ ನೇರವಾಗಿ ದಾವೆ ಹೂಡಲಾಗದು ಎಂದು ಗೊನ್ಜಾಗಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ರಾಜ್ಯದ ಕಾನೂನಿನಲ್ಲಿ ಬೇರೆ ದಾರಿ ಇದೆಯೇ ಎಂದು ವಕೀಲರನ್ನು ಕೇಳಬಹುದು. ದೂರಿನ ಜೊತೆ ಮೆಸೇಜಿನ ಸ್ಕ್ರೀನ್‌ಶಾಟ್, ದಿನಾಂಕ, ಯಾರು ಯಾರಿಗೆ ಹೇಳಿದರು ಎಂಬ ವಿವರ, ಮತ್ತು ಋತುವಿನ ಆರಂಭದಲ್ಲಿ ಸಹಿ ಹಾಕಿದ ಒಪ್ಪಿಗೆ ಪತ್ರದ ಪ್ರತಿ ಇರಲಿ.